ಸಿಟ್ಟು ಬಂದಿದ್ದು ಅಂದುಕೊಂಡಿದ್ದೆ

ದೊಡ್ಡ ಮಗನಿಗೆ ನಾನು ಹೇಳಿದ ಒಂದು ಮಾತು ಎರಡು ಮಳೆಗಾಲದಿಂದ ನನ್ನ ಬೆನ್ನು ಬಿಟ್ಟಿಲ್ಲ. 2024ರ ಜುಲೈ 16, ಮಂಗಳವಾರ. ಶಿರೂರಿನಲ್ಲಿ ಗುಡ್ಡ ಕುಸಿದ ದಿನ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಆ ದಿನದ ಬಗ್ಗೆ ವಿವರಿಸಿ ಹೇಳಬೇಕಾದ್ದಿಲ್ಲ. ಮಾಣಿ, ಅಂದರೆ ಹುಡುಗ, ಆಗ ಕಾರವಾರದಲ್ಲಿ ಓದುತ್ತಿದ್ದ. ಮರುದಿನ ಮೊಹರಂ ರಜೆ, ಬೆಳಗಿನ ಬಸ್ಸಿಗೇ ಹೊರಟು ಬರುತ್ತೇನೆ ಎಂದು ಹಿಂದಿನ ರಾತ್ರಿ ತನ್ನ ತಾಯಿಗೆ ಹೇಳಿದ್ದ. ಕಾರವಾರದಿಂದ ಅಂಕೋಲೆ, ಅಲ್ಲಿಂದ ಕುಮಟೆ, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ. ಅಂಕೋಲೆ ದಾಟಿದ ಮೇಲೆ ಒಂದು ಕಡೆ ಗುಡ್ಡ, ಒಂದು ಕಡೆ ಗಂಗಾವಳಿ, ನಡುವೆ ಹೆದ್ದಾರಿ. ಅಲ್ಲೇ.

ಹತ್ತು ಗಂಟೆಯ ಹೊತ್ತಿಗೆ ವಾಟ್ಸಾಪಿನಲ್ಲಿ ವಿಡಿಯೊ ಬಂತು. ಕೆಂಪು ಮಣ್ಣು ರಸ್ತೆಯನ್ನು ನುಂಗಿ ನದಿಗೆ ಇಳಿದಿತ್ತು. ನಮ್ಮ ಮನೆಯ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಹಿಂದಿನ ಧರೆ, ಅಂದರೆ ಎತ್ತರದ ಮಣ್ಣಿನ ದಿಬ್ಬ, ಹತ್ತಬೇಕು. ಕೊಡೆ ಹಿಡಿದು ಧರೆಯ ಮೇಲೆ ನಿಂತು ಅವನಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದೆ. ಮಳೆ ಹೇಗೆ ಹೊಯ್ಯುತ್ತಿತ್ತೆಂದರೆ ರಿಂಗ್ ಆಗುತ್ತಿದೆಯೋ ಇಲ್ಲವೋ ತಿಳಿಯಲು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಿತ್ತು. ಕೆಳಗೆ ಹಿತ್ತಲ ಬಾಗಿಲಲ್ಲಿ ಹೆಂಡತಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಇಪ್ಪತ್ತಕ್ಕೆ ಒಂದು ಕಡಿಮೆ ಸಲ ಫೋನ್ ಮಾಡಿದ್ದೆ ಎಂದು ಆಮೇಲೆ ನೋಡಿದಾಗ ತಿಳಿಯಿತು. ನಲವತ್ತು ನಿಮಿಷ. ಅಷ್ಟೂ ಹೊತ್ತು ಒಂದು ಶಬ್ದ ಮನಸ್ಸಿನೊಳಗೆ ಬರದ ಹಾಗೆ ಹಲ್ಲು ಕಚ್ಚಿ ಹಿಡಿದಿದ್ದೆ. ಕಡೆಗೆ ಅವನು ಫೋನ್ ಎತ್ತಿ ನಿದ್ದೆಗಣ್ಣಿನ ದನಿಯಲ್ಲಿ "ಹಲೋ" ಅಂದ. ನಾನು ಹೇಳಿದೆ: "ಎಲ್ಲಿ ಸತ್ತಿದ್ಯೋ? ಎತ್ತದೇ ಇರೋ ಫೋನು ಎಂತಕ್ಕೆ? ಹೊಳೆಗೆ ಒಗಿ ಅದನ್ನ!"

ನಲವತ್ತು ನಿಮಿಷ ನಾನು ಒಳಗೆ ಬಿಟ್ಟುಕೊಳ್ಳದೆ ತಡೆದಿದ್ದ ಶಬ್ದ ಅದೇ. ಮಗನ ದನಿ ಕೇಳಿದ ಕೂಡಲೇ ನನ್ನ ಬಾಯಿಂದ ಮೊದಲು ಬಿದ್ದದ್ದೂ ಅದೇ. "ರೂಮಲ್ಲೇ ಇದ್ದಿ. ಮಲಗಿದ್ದಿ" ಅಂದ. ಮಳೆ ನೋಡಿ ಬಸ್ಸಿಗೆ ಹೋಗಿರಲಿಲ್ಲ, ಹೊದ್ದು ಮಲಗಿಬಿಟ್ಟಿದ್ದ. ಅವನಿಗೆ ಗುಡ್ಡ ಕುಸಿದ ಸುದ್ದಿಯೇ ಗೊತ್ತಿರಲಿಲ್ಲ. ನಾನು ಇನ್ನೂ ನಾಲ್ಕು ಮಾತು ಬೈದೆ. ಅವನು "ಆತು" ಎಂದು ಇಟ್ಟುಬಿಟ್ಟ. ಧರೆಯಿಂದ ಇಳಿಯುವಾಗ ನನ್ನ ಕಾಲು ನಡುಗುತ್ತಿತ್ತು. ಹೆಂಡತಿ ನನ್ನ ಕೈಯಿಂದ ಫೋನ್ ಕಸಿದುಕೊಂಡು ಧರೆ ಹತ್ತಿದಳು. ಅವಳ ಮೊದಲ ಮಾತು ನನಗೆ ಕೆಳಗೆ ಕೇಳಿಸಿತು: "ಹೆದ್ರಿ ಜೀವ ಹೋಗಿತ್ತು ಮಾಣಿ." ಅವಳ ಜೊತೆ ಅವನು ಹನ್ನೊಂದು ನಿಮಿಷ ಮಾತಾಡಿದ.

ಇಬ್ಬರಿಗೂ ಆಗಿದ್ದು ಒಂದೇ ಹೆದರಿಕೆ. ಅವಳು ಅದನ್ನು ಅದರ ಹೆಸರಿನಿಂದಲೇ ಹೇಳಿದಳು, ನನ್ನ ಬಾಯಿಗೆ ಅದು ಸಿಟ್ಟಾಗಿ ಬಂತು. ಇದನ್ನು ಬರೆಯುತ್ತಿರುವುದು ಆ ವ್ಯತ್ಯಾಸದ ಬಗ್ಗೆ.

ಸಂಕದ ಆಚೆ

ನನ್ನ ಅಪ್ಪ ಮಾತು ಕಡಿಮೆ. ತೋಟ, ಕೊಟ್ಟಿಗೆ, ಮಧ್ಯಾಹ್ನದ ಊಟ, ಒಂದು ಕವಳ, ಮತ್ತೆ ತೋಟ. ನನಗೆ ಹನ್ನೊಂದು ವರ್ಷ ಇದ್ದಾಗ ಒಂದು ಆಷಾಢದ ಸಂಜೆ ಹೊಳೆಯಾಚೆಯ ಗೆಳೆಯನ ಮನೆಗೆ ಹೋದವನು ಆಟದಲ್ಲಿ ಮೈಮರೆತೆ. ವಾಪಸು ಬರುವಾಗ ಕತ್ತಲಾಗಿತ್ತು. ನಮ್ಮ ಹೊಳೆಗೆ ಆಗ ಇದ್ದದ್ದು ನಾಲ್ಕು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ, ಹಿಡಿದುಕೊಳ್ಳಲಿಕ್ಕೆ ಒಂದೇ ಬದಿಗೆ ಬಿದಿರು. ನೀರು ಸಂಕದ ಅಡಿಗೆ ಒಂದು ಗೇಣು ಕೆಳಗೆ ಹೋಗುತ್ತಿತ್ತು. ಹೇಗೋ ದಾಟಿ ಮನೆಯ ಬೇಲಿಯ ದಾರಿಗೆ ಇಟ್ಟ ಉಣಗೋಲಿನ ಹತ್ತಿರ ಬಂದರೆ ಅಪ್ಪ ಲಾಟೀನು ಹಿಡಿದು ನಿಂತಿದ್ದ. ಒಂದೂ ಮಾತಾಡಲಿಲ್ಲ. ಲಾಟೀನನ್ನು ಉಣಗೋಲಿನ ಕಂಬದ ಬುಡಕ್ಕೆ ಇಟ್ಟ. ಬೇಲಿಯಿಂದ ಒಂದು ಸೆಳೆ ಮುರಿದ. ಮೊಣಕಾಲಿನ ಹಿಂದೆ ಎಷ್ಟು ಪೆಟ್ಟು ಬಿತ್ತೆಂದು ಎಣಿಸಲಿಲ್ಲ. ಆಮೇಲೆ ಲಾಟೀನು ಎತ್ತಿಕೊಂಡು ಮುಂದೆ ನಡೆದ, ನಾನು ಆ ಬೆಳಕಿನ ಹಿಂದೆ ಅಳುತ್ತ ಹೋದೆ.

ಮೂವತ್ತು ವರ್ಷ ಈ ಘಟನೆ ನನ್ನಲ್ಲಿ ಪೆಟ್ಟಾಗಿ ಮಾತ್ರ ಉಳಿದಿತ್ತು. ಅಪ್ಪ ತೀರಿಕೊಂಡ ಮೇಲೆ, ಅವನ ವರ್ಷಾಂತದ ತಿಥಿಯ ಹಿಂದಿನ ದಿನ ಇರಬೇಕು, ನನ್ನ ಆಯಿ, ಅಂದರೆ ತಾಯಿ, ಬಾಳೆ ಎಲೆ ಒರೆಸುತ್ತ ಕುಳಿತವಳು ತಾನಾಗಿಯೇ ಹೇಳಿದಳು. ಆ ರಾತ್ರಿ ನಾನು ಬರುವ ಮೊದಲು ಅಪ್ಪ ಎರಡು ಸಲ ಸಂಕದ ತನಕ ಹೋಗಿ ಬಂದಿದ್ದನಂತೆ. ಎರಡನೇ ಸಲ ಸಂಕದ ಮೇಲೆ ಬಗ್ಗಿ, ಲಾಟೀನನ್ನು ನೀರಿನ ಮಟ್ಟಕ್ಕೆ ಇಳಿಸಿ, ಕೆಳಬದಿಯ ಮುಂಡಿಗೆಯ ಮುಳ್ಳಿನ ಮೆಳೆಯಲ್ಲಿ ನನ್ನ ಅಂಗಿ ಸಿಕ್ಕಿಕೊಂಡಿದೆಯೋ ಎಂದು ಹುಡುಕಿದ್ದನಂತೆ. ಮನೆಗೆ ಬಂದು "ಎಲ್ಲೂ ಕಾಣ್ತಿಲ್ಲೆ" ಎಂದು ಜಗಲಿಯ ಕಂಬಕ್ಕೆ ಹಣೆ ಆನಿಸಿ ನಿಂತಿದ್ದನಂತೆ. ನನ್ನನ್ನು ಹೊಡೆದ ರಾತ್ರಿ ಅವನು ಊಟ ಮಾಡಲಿಲ್ಲವಂತೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ಉಂಡು, ಬಿಕ್ಕುತ್ತ, ಮಲಗಿದ್ದೆ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಜೀವನದಲ್ಲಿ ಸಿಕ್ಕಿಲ್ಲ. ಅದು ಸಿಗುವಾಗ ನನಗೆ ನಲವತ್ತು ದಾಟಿತ್ತು, ಅವನು ಇರಲಿಲ್ಲ.

ನಮ್ಮ ಕಡೆ ಒಂದು ಮಾತಿದೆ, ಮದುವೆ ಮನೆಯ ಪಂಕ್ತಿಯಲ್ಲಿ, ಸಹಕಾರಿ ಸಂಘದ ಕಟ್ಟೆಯ ಮೇಲೆ, ಎಲ್ಲ ಕಡೆ ಕೇಳುತ್ತೇವೆ: "ಅಪ್ಪ ಬೈದ್ರೂ ಒಳಗೆ ಪ್ರೀತಿ ಇರ್ತು, ಮಕ್ಕಳಿಗೆ ಅದು ಗೊತ್ತಾಗ್ತು." ನಾನೂ ಇದನ್ನು ಹೇಳಿಕೊಂಡೇ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದೆ. ನನಗೇ ಗೊತ್ತಾಗಿರಲಿಲ್ಲ ಎಂಬುದು ಆಯಿ ಹೇಳಿದ ಮೇಲೂ ನನ್ನ ತಲೆಗೆ ಹೋಗಲಿಲ್ಲ. ನನಗೆ ಅರ್ಥವಾಗದ್ದು ನನ್ನ ಮಕ್ಕಳಿಗೆ ಮಾತ್ರ ಹೇಗೋ ಅರ್ಥವಾಗುತ್ತದೆ ಎಂದು ಯಾವ ಧೈರ್ಯದಿಂದ ನಂಬಿದ್ದೆನೋ ತಿಳಿಯದು.

ಕೆರೆಯಲ್ಲಿ ಆಡಿದ ಮಾತು

ಸಣ್ಣವರಿರುವಾಗ ಹೀಗಿರಲಿಲ್ಲ. ಸಣ್ಣ ಗಂಡುಮಕ್ಕಳಷ್ಟು ಮೈಗೆ ಅಂಟಿಕೊಂಡಿರುವ ಜೀವ ಇನ್ನೊಂದಿಲ್ಲ. ದೊಡ್ಡವನು ನಾಲ್ಕು ವರ್ಷದ ತನಕ ನನ್ನ ಕಿವಿಯ ತುದಿ ಹಿಡಿದುಕೊಳ್ಳದೆ ನಿದ್ದೆ ಮಾಡುತ್ತಿರಲಿಲ್ಲ. ತಮ್ಮ ಹುಟ್ಟಿದ ಮೇಲೆ ಒಂದು ಕಿವಿ ಅವನಿಗೆ, ಒಂದು ಇವನಿಗೆ. ಗುಡುಗು ಬಂದರೆ ಹೆದರಿಕೆ, ಕತ್ತಲಿನ ಬಚ್ಚಲುಮನೆ ಹೆದರಿಕೆ, ರಾಕ್ಷಸ ವೇಷ ರಂಗಸ್ಥಳಕ್ಕೆ ಬರುವಾಗ ಹೆದರಿಕೆ. ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಮತ್ತೆ ಯಾವಾಗ ನಿಂತಿತು? ಬಹಳ ದಿನ ಯೋಚನೆ ಮಾಡಿದ್ದೇನೆ. ಹರೆಯ ಬಂದಾಗ ತಾನಾಗಿ ನಿಲ್ಲುತ್ತದೆ ಎಂದುಕೊಳ್ಳುವುದು ನಮಗೆ ಅನುಕೂಲ. ಆದರೆ ನನಗೆ ಒಂದು ನಿರ್ದಿಷ್ಟ ದಿನ ನೆನಪಿದೆ, ಅದನ್ನು ಮರೆತಂತೆ ಮಾಡಲಿಕ್ಕೆ ಆಗುವುದಿಲ್ಲ.

ದೊಡ್ಡವನಿಗೆ ಆಗ ಏಳು ವರ್ಷ. ಏಪ್ರಿಲ್ ರಜೆ. ಈಜು ಕಲಿಸುತ್ತೇನೆಂದು ಊರ ಕೆರೆಗೆ ಕರೆದುಕೊಂಡು ಹೋಗಿದ್ದೆ. ಎರಡು ಒಣ ತೆಂಗಿನಕಾಯಿಯ ಸಿಪ್ಪೆ ಸೀಳಿ, ಜೋಡಿಸಿ ಗಂಟು ಹಾಕಿ, ಅವನ ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ್ದೆ. ನಾನೂ ಹಾಗೇ ಕಲಿತದ್ದು. ಹೊಟ್ಟೆಯ ಅಡಿಗೆ ನನ್ನ ಅಂಗೈ. ಹೆದರಿದ ಮಗುವಿನ ಹೊಟ್ಟೆ ಹೇಗಿರುತ್ತದೆ ಗೊತ್ತೇ? ಹಿಡಿದ ಹಕ್ಕಿಯ ಎದೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತದೆ. "ಕೈ ಬಿಡಡ ಅಪ್ಪಾ, ಹೆದ್ರಿಕೆ ಆಗ್ತು, ಕೈ ಬಿಡಡ" ಅನ್ನುತ್ತಿದ್ದ. ದಂಡೆಯ ಮೇಲೆ ಊರಿನ ಇನ್ನಿಬ್ಬರು ಅಪ್ಪಂದಿರು ಅವರ ಮಕ್ಕಳ ಜೊತೆ ನಿಂತಿದ್ದರು. ಅವರ ಮಕ್ಕಳು ಆಗಲೇ ಮಧ್ಯ ಕೆರೆಗೆ ಹೋಗಿ ಬರುತ್ತಿದ್ದರು. ನಾನು ಅವರಿಗೆ ಕೇಳುವ ಹಾಗೆ ಹೇಳಿದೆ: "ಗಂಡುಮಗ ಆಗಿ ಹೆದರ್ತ್ಯಾ?" ಹೇಳಿ ಕೈ ತೆಗೆದೆ.

ಅವನು ಮುಳುಗಲಿಲ್ಲ. ಕಾಯಿ ತೇಲಿಸಿತು. ಎರಡು ವಾರದಲ್ಲಿ ಈಜು ಕಲಿತ, ಈಗ ನನಗಿಂತ ಚೆನ್ನಾಗಿ ಈಜುತ್ತಾನೆ. ಹಾಗಾಗಿ ಬಹಳ ವರ್ಷ ಆ ದಿನವನ್ನು ನಾನು ಒಳ್ಳೆಯ ದಿನಗಳ ಲೆಕ್ಕಕ್ಕೇ ಸೇರಿಸಿದ್ದೆ. ಈಜು ಬಂತಲ್ಲ! ಆದರೆ "ಹೆದ್ರಿಕೆ ಆಗ್ತು" ಎಂಬ ಮಾತನ್ನು ಅವನ ಬಾಯಿಂದ ಆಮೇಲೆ ಕೇಳಿದ ನೆನಪು ನನಗಿಲ್ಲ. ಕೈ ಬಿಟ್ಟದ್ದರಿಂದ ಏನೂ ಹಾಳಾಗಲಿಲ್ಲ, ಎಂದಾದರೂ ಬಿಡಲೇಬೇಕಿತ್ತು. ಹಾಳು ಮಾಡಿದ್ದು ಆ ಮೂರು ಶಬ್ದ. ಅದನ್ನು ನಾನು ಅವನಿಗಾಗಿ ಹೇಳಿರಲಿಲ್ಲ, ದಂಡೆಯ ಮೇಲೆ ನಿಂತವರಿಗಾಗಿ ಹೇಳಿದ್ದೆ. (ಮಾರಿಕಾಂಬಾ ಜಾತ್ರೆಯಲ್ಲಿ ಸಣ್ಣವನು ತಿರುಗುವ ತೊಟ್ಟಿಲ ಹತ್ತಿರ ಹತ್ತು ನಿಮಿಷ ಕಳೆದುಹೋಗಿ ಬಳೆ ಅಂಗಡಿಯ ಮುಂದೆ ಸಿಕ್ಕಿದಾಗ ನಾನು ಮೊದಲು ಮಾಡಿದ್ದೂ ಅವನ ಕೆನ್ನೆಗೆ ಹೊಡೆದದ್ದು. ಐದು ವರ್ಷದ ಮಗುವಿಗೆ. ಬಳೆ ಅಂಗಡಿಯವಳು "ಯಾಕ್ರಿ ಹೊಡೀತೀರಿ, ಸಿಕ್ಕಿದ್ನಲ್ಲ" ಅಂದಳು. ಅವಳಿಗೆ ಉತ್ತರ ಕೊಡಲು ನನ್ನಲ್ಲಿ ಇವತ್ತಿಗೂ ಏನೂ ಇಲ್ಲ.)

ಹದಿಮೂರು ಹದಿನಾಲ್ಕಕ್ಕೆ ಬಾಗಿಲು ಹಾಕಿಕೊಳ್ಳಲು ಶುರುವಾಯಿತು. ದನಿ ಒಡೆಯಿತು. ಮನೆಯೊಳಗೆ ಹೊಸಬನೊಬ್ಬ ಓಡಾಡಿದ ಹಾಗೆ, ಉದ್ದ ಕಾಲು, ತಲೆ ಬಾಗಿಲಿಗೆ ತಾಗುತ್ತದೋ ಎಂಬಂಥ ನಡಿಗೆ. ಆ ವಯಸ್ಸಿನಲ್ಲಿ ನಾನು ಅವನ ಜೊತೆ ಆಡಿದ ಮಾತುಗಳನ್ನೆಲ್ಲ ಒಟ್ಟು ಮಾಡಿದರೆ ಬರುವುದು ಇಷ್ಟೇ: ಎದ್ದಾತಾ, ತಿಂದಾತಾ, ಓದಿದ್ಯಾ, ಮೊಬೈಲ್ ಇಡು, ಎಷ್ಟು ಹೊತ್ತಿಗೆ ಬರ್ತೆ. ಎಲ್ಲದಕ್ಕೂ "ಹ್ಞೂಂ" ಅಥವಾ "ಇಲ್ಲೆ" ಸಾಕು. ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಅವಸರವೂ ಸೇರಿಕೊಂಡಿದೆ. ಹತ್ತನೇ ತರಗತಿ ಮುಗಿಯುತ್ತಿದ್ದ ಹಾಗೆ ಹುಡುಗರು ಪಿಯುಸಿಗೆ ಧಾರವಾಡ, ಉಜಿರೆ, ಮೂಡುಬಿದಿರೆ ಎಂದು ಹಾಸ್ಟೆಲ್ ಸೇರುತ್ತಾರೆ. ಅಲ್ಲಿಂದ ಮುಂದೆ ಬೆಂಗಳೂರು. ಒಮ್ಮೆ ಹೊರಟವರು ಚೌತಿಗೆ, ದೀಪಾವಳಿಗೆ ನೆಂಟರ ಹಾಗೆ ಬರುತ್ತಾರೆ. ನಮ್ಮ ಕೇರಿಯ ಒಂಬತ್ತು ಮನೆಗಳಲ್ಲಿ ಇಪ್ಪತ್ತರಿಂದ ನಲವತ್ತರ ನಡುವಿನ ಗಂಡಸು ಇರುವುದು ಎರಡು ಮನೆಯಲ್ಲಿ. ಅಂದರೆ ಮಗ ಎಂಬುವವನು ನಮ್ಮ ಕೈಗೆ ಸಿಗುವುದು ಹದಿನಾರು ವರ್ಷ. ಅದರಲ್ಲಿ ಮಾತಾಡುವ ವರ್ಷ ಎಷ್ಟು, ಮಾತು ಬಿಟ್ಟ ವರ್ಷ ಎಷ್ಟು ಎಂದು ಕಳೆದು ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಹೊಳವಾದ ಒಂದು ಮಧ್ಯಾಹ್ನ

ಶಿರೂರಿನ ದಿನ ಆದ ಮೂರು ವಾರಕ್ಕೆ, ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಲಾರಿಯೊಂದು ನದಿಗೆ ಬಿದ್ದು, ಚಾಲಕನನ್ನು ಬದುಕಿಸಿ ಮೇಲೆ ತಂದರು. ಬೆಳಿಗ್ಗೆ ಸುದ್ದಿ ನೋಡಿ ಮತ್ತೆ ಧರೆ ಹತ್ತಿದೆ. ಹತ್ತುವಾಗ, ಈ ಸಲ ಸರಿಯಾಗಿ ಮಾತಾಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಹತ್ತಿದ್ದೆ. ಅವನು ಎರಡನೇ ರಿಂಗಿಗೇ ಎತ್ತಿದ. ನಾನು ಹೇಳಿದ್ದು: "ರಾತ್ರಿ ಹೊತ್ತು ಸದಾಶಿವಗಡದ ಬದಿಗೆಲ್ಲ ತಿರುಗಡ, ಹೇಳಿದ್ದಿ." ಅವನು "ಆತು" ಅಂದ. ಅಷ್ಟೇ. ನಾಲಿಗೆಗೆ ಅಭ್ಯಾಸವಾದ ದಾರಿ ಅದು, ಎತ್ತಿನ ಗಾಡಿಯ ಚಕ್ರ ಹಳೆ ಜಾಡಿಗೇ ಇಳಿದ ಹಾಗೆ.

ಸ್ವಾತಂತ್ರ್ಯ ದಿನದ ರಜೆಗೆ ಬಂದ, ಕುಮಟೆಯ ದಾರಿ ಬಿಟ್ಟು ಯಲ್ಲಾಪುರ ಸುತ್ತಿ. ಆ ವರ್ಷದ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಜೋರು. ಮೊದಲ ಸಲ ಹೊಡೆದ ಔಷಧಿ ತೊಳೆದುಹೋಗಿತ್ತು, ಮರದ ಬುಡದಲ್ಲಿ ಎಳೆ ಅಡಿಕೆ ಉದುರಿ ಹಾಸಿಗೆಯಾಗಿತ್ತು. ಮಳೆ ಸ್ವಲ್ಪ ಹೊಳವಾದದ್ದೇ ಅವನನ್ನೂ ಕರೆದುಕೊಂಡು ಕೊಳೆಯ ಔಷಧಿ ಬೋರ್ಡೋ ಕಲಸಲು ಕುಳಿತೆ. ಅಡಿಕೆ ತೋಟದವರಿಗೆ ಇದು ಕೈಗೆ ಬಂದ ಕೆಲಸ: ಒಂದು ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣ 50 ಲೀಟರ್ ನೀರಿನಲ್ಲಿ, ಆಮೇಲೆ ಎರಡನ್ನೂ ಒಂದು ಡ್ರಮ್ಮಿಗೆ. ನಾನು ಸುಣ್ಣ ಕದಡುತ್ತಿದ್ದೆ, ಅವನು ಮೈಲುತುತ್ತದ ನೀರು ಹೊಯ್ಯುತ್ತಿದ್ದ. ನೀಲಿ ನೀರು ಬಿಳಿಯೊಳಗೆ ಇಳಿದು ತಿಳಿ ಆಕಾಶದ ಬಣ್ಣ ಆಗುವುದನ್ನು ಸಣ್ಣವನಿದ್ದಾಗಿನಿಂದ ಅವನು ಬಾಯಿ ತೆರೆದು ನೋಡುವವನು. ಆ ದಿನವೂ ನೋಡಿದ. ಕಲಸಿದ ಮೇಲೆ ಹದ ನೋಡಲು ಕತ್ತಿಯ ಅಲಗನ್ನು ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ, ಹಾಗೇ ಹೊಡೆದರೆ ಎಳೆ ಗೊನೆ ಸುಡುತ್ತದೆ. ಕತ್ತಿ ಅದ್ದಿ ಹಿಡಿದುಕೊಂಡು ಇಬ್ಬರೂ ಬಗ್ಗಿ ಕಾಯುತ್ತ ಕುಳಿತಿದ್ದೆವು. ಕೈಯಲ್ಲಿ ಕೆಲಸ, ಕಣ್ಣು ಕತ್ತಿಯ ಮೇಲೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಆಗ ಹೇಳಿದೆ. "ಆ ದಿವಸ ಫೋನಲ್ಲಿ ಎಂತೆಂತೋ ಬೈದ್ನಲಾ. ಹೆದ್ರಿಕೆ ಆಗಿತ್ತು ಎಂಗೆ."

ಅವನು ಕೂಡಲೇ ಏನೂ ಹೇಳಲಿಲ್ಲ. ಕತ್ತಿ ಎತ್ತಿ ಅಲಗು ತಿರುಗಿಸಿ ನೋಡಿದ. ಅಂಚಿನಲ್ಲಿ ಸಣ್ಣ ಕೆಂಪು ಗೆರೆ ಇತ್ತು. ಇನ್ನೊಂದು ಚೆಂಬು ಸುಣ್ಣದ ನೀರು ಹೊಯ್ದ. ಆಮೇಲೆ ಅಂದ: "ಹೆದ್ರಿದ್ದೆ ಹೇಳಿ ಗೊತ್ತೇ ಆಜಿಲ್ಲೆ ಅಪ್ಪಾ. ಸಿಟ್ಟು ಬಂದಿದ್ದು ಅಂದ್ಕಂಡಿದ್ದಿ. ಫೋನಿಗೆ ದುಡ್ಡು ಹಾಕಿದ್ದು ದಂಡ ಆತು ಹೇಳಿ."

ದುಡ್ಡು! ಧರೆಯ ಮೇಲೆ ಮಳೆಯಲ್ಲಿ ಕಾಲು ನಡುಗುತ್ತ ನಿಂತವನು ದುಡ್ಡಿನ ಲೆಕ್ಕ ಹಾಕುತ್ತಿದ್ದ ಎಂದು ನನ್ನ ಮಗ ಒಂದು ತಿಂಗಳು ನಂಬಿಕೊಂಡಿದ್ದ. ತಪ್ಪು ಅವನದಲ್ಲ. ನಾನು ಕೊಟ್ಟದ್ದು ಫೋನು, ಹೊಳೆ, ಒಗಿ ಎಂಬ ಶಬ್ದಗಳು. ಅವುಗಳಿಂದ ಅವನು ಇನ್ನೇನನ್ನು ಕಟ್ಟಿಕೊಳ್ಳಬೇಕಿತ್ತು? ಹಾಗಾದರೆ ಹತ್ತೊಂಬತ್ತು ವರ್ಷದಲ್ಲಿ ಹೀಗೆ ಇನ್ನೆಷ್ಟು ಸಲ ಆಗಿರಬಹುದು ಎಂದು ಯೋಚಿಸುತ್ತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ಬೈಕು ಕಲಿತು ಮೊದಲ ಸಲ ಶಿರಸಿ ಪೇಟೆಗೆ ಹೋಗಿ ತಡವಾಗಿ ಬಂದ ದಿನ. ಪಿಯುಸಿಯ ಮೊದಲ ವರ್ಷ ಜ್ವರ ಮುಚ್ಚಿಟ್ಟ ದಿನ. ಪ್ರತಿಯೊಂದು ದಿನಕ್ಕೂ ಅವನ ಹತ್ತಿರ ಬೇರೆಯದೇ ಒಂದು ಅರ್ಥ ಇದ್ದೀತು, ನನ್ನ ಅರ್ಥಕ್ಕೆ ಸಂಬಂಧವೇ ಇಲ್ಲದ್ದು. ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಗೆ ಬಿದ್ದ ಇನ್ನೊಂದು ಲಾರಿಯನ್ನು ಸೆಪ್ಟೆಂಬರ್ 25ರಂದು ಮೇಲೆತ್ತಿದರು, ಅದರೊಳಗೆ ಕೇರಳದ ಚಾಲಕನ ದೇಹ ಇತ್ತು. ಅಲ್ಲಿಯ ತನಕ ಅವನ ಮನೆಯವರು ಕಾದಿದ್ದರು. ಆ ಸುದ್ದಿ ಓದಿದ ದಿನ ಮಗನಿಗೆ ಫೋನ್ ಮಾಡಿದೆ. ಕಾರಣ ಇರಲಿಲ್ಲ. "ಎಂತಕ್ಕೂ ಅಲ್ಲ, ಮಾಡಿದ್ದಿ" ಅಂದೆ. ಅವನು ಫೋನ್ ಇಡಲಿಲ್ಲ. ಮೆಸ್ಸಿನಲ್ಲಿ ಕೊಡುವ ಚಪಾತಿಯ ಬಗ್ಗೆ ಹೇಳಿದ.

ಸಣ್ಣವನು

ಒಂದು ಸಲ ಸರಿಯಾಗಿ ಮಾತಾಡಿದ ಮಾತ್ರಕ್ಕೆ ಎಲ್ಲ ಬದಲಾಗುವುದಿಲ್ಲ. ಆ ಚಳಿಗಾಲ ಸಣ್ಣವನು ಹತ್ತನೇ ತರಗತಿ. ಅಡಿಕೆ ಸುಲಿಯಲು ಈಗ ಯಂತ್ರ ಬಂದಿದೆ, ಆದರೂ ಕೊನೆಯ ಕೊಯ್ಲಿನ ನಾಲ್ಕು ಬುಟ್ಟಿ ಮನೆಯಲ್ಲೇ ಸುಲಿಯುತ್ತೇವೆ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ನಾನೂ ಅವನೂ ಕುಳಿತಿದ್ದೆವು. ಅವನು ಅಣ್ಣನಿಗಿಂತ ಮಾತುಗಾರ. ಸುಲಿಯುತ್ತ ಸುಲಿಯುತ್ತ "ಗಣಿತಕ್ಕೆ ಹೆದ್ರಿಕೆ ಆಗ್ತು" ಅಂದ. ನನ್ನ ಬಾಯಿಗೆ ತಕ್ಷಣ ಬಂದದ್ದು, "ಓದಿದ್ರೆ ಹೆದ್ರಿಕೆ ಎಂತಕ್ಕೆ?" ಅವನ ಕೈ ಒಂದು ಕ್ಷಣ ನಿಂತಿತು. ಮತ್ತೆ ಸುಲಿಯತೊಡಗಿದ, ಈ ಸಲ ಬೇಗ ಬೇಗ. ಆ ನಿಂತ ಕೈಯನ್ನು ನಾನು ನೋಡಿದೆ. ಕೆರೆಯಲ್ಲಿ ಅಣ್ಣನ ಹೊಟ್ಟೆ ನನ್ನ ಅಂಗೈಯಿಂದ ಸರಿದುಹೋದದ್ದೂ ಹೀಗೇ ಇತ್ತು.

ಏಳೆಂಟು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ಮನಿದ್ದು, ಅವನಿಗೆ ಸಂಕದ ಕಥೆ ಹೇಳಿದೆ. ಅಜ್ಜನ ಸೆಳೆಯ ಪೆಟ್ಟು, ಲಾಟೀನು, ಮುಂಡಿಗೆ ಮೆಳೆ, ಆಯಿ ಆಮೇಲೆ ಹೇಳಿದ್ದು, ಎಲ್ಲ. ಆ ಸಂಕದ ಜಾಗದಲ್ಲಿ ಈಗ ಸಿಮೆಂಟಿನ ಕಾಲುಸೇತುವೆ ಇದೆ. ಆದರೂ ಮಳೆಗಾಲದಲ್ಲಿ ದಾಟುವಾಗ ನನಗೆ ಹೆದರಿಕೆ ಆಗುತ್ತದೆ ಎಂದೆ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅವನು ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಈಗ್ಲೂವಾ?" ಅಂದ. "ಈಗ್ಲೂ" ಅಂದೆ. ಅವನು ಗಣಿತದ ಯಾವ ಪಾಠ, ಯಾವ ಲೆಕ್ಕ, ಶಾಲೆಯಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿದಾಗ ಏನಾಗುತ್ತದೆ ಎಂದು ಹೇಳುತ್ತ ಹೋದ. ಹನ್ನೊಂದೂವರೆ ಆಗಿತ್ತು ಎದ್ದಾಗ. ಅವನ ಲೆಕ್ಕಗಳಲ್ಲಿ ಒಂದೂ ನನಗೆ ಬಗೆಹರಿಸಲು ಬರುವಂಥದ್ದಲ್ಲ. ಬಗೆಹರಿಸು ಎಂದು ಅವನು ಕೇಳಲೂ ಇಲ್ಲ.

ಕಳೆದ ಆಷಾಢದಲ್ಲಿ ಮಾಡಿನ ನೀರು ಹರಿಯುವ ದಂಬೆಗೆ ಎಲೆ ಕಟ್ಟಿಕೊಂಡು ನೀರು ಜಗಲಿಗೆ ಬೀಳುತ್ತಿತ್ತು. ಹುಡುಗರನ್ನು ಕರೆಯುವುದೇಕೆಂದು ನಾನೇ ಏಣಿ ಹಾಕಿ ಹತ್ತಿದೆ. ಅಂಗಳದ ತುಂಬ ಹಾವಸೆ. ಮೇಲಿನ ಮೆಟ್ಟಿಲಿಗೆ ಹೋಗಿ ಕೈ ಚಾಚಿದ್ದೇ ಏಣಿಯ ಬುಡ ಒಂದು ಗೇಣು ಜಾರಿತು. ದಂಬೆ ಹಿಡಿದುಕೊಂಡು ಉಳಿದೆ. ಕೆಳಗಿಂದ ಸಣ್ಣವನ ಕೂಗು ಕೇಳಿತು, ಹೊಸದಾಗಿ ಒಡೆದ ದಪ್ಪ ದನಿ: "ಅಪ್ಪಾ! ಬುದ್ಧಿ ಇಲ್ಯಾ ನಿಂಗೆ? ಇಳಿ ಅಂದ್ರೆ ಇಳಿ!" ನನ್ನ ಅಪ್ಪನ ದನಿ. ನನ್ನದು. ನೋಡಿದರೆ ಮುಖ ಕೆಂಪಾಗಿತ್ತು, ಮುಷ್ಟಿ ಬಿಗಿದಿದ್ದ. ಬೇರೆ ಯಾವ ವರ್ಷ ಆಗಿದ್ದರೂ ಅಪ್ಪನಿಗೆ ಹೀಗೆ ಮಾತಾಡುತ್ತೀಯಾ ಎಂದು ನಾನೂ ಏಣಿಯ ಮೇಲಿಂದಲೇ ಕೂಗುತ್ತಿದ್ದೆ.

"ಹೆದ್ರಿಕೆ ಆತಾ?" ಎಂದು ಕೇಳಿದೆ.

ಅವನು ಮಳೆಯಲ್ಲಿ ಮುಖ ಮೇಲೆ ಮಾಡಿ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ "ಹ್ಞೂಂ" ಅಂದ. ಬಂದು ಏಣಿಯ ಎರಡೂ ಕಾಲನ್ನು ಹಿಡಿದು, ಒಂದು ಪಾದವನ್ನು ಬುಡಕ್ಕೆ ಅಡ್ಡ ಕೊಟ್ಟು ನಿಂತ. ನಾನು ದಂಬೆಯ ಎಲೆಯೆಲ್ಲ ಬಾಚಿ ಕೆಳಗೆ ಹಾಕಿದೆ. ಕೊಳೆತ ಎಲೆ ಅವನ ತಲೆಯ ಮೇಲೆ, ಹೆಗಲ ಮೇಲೆ ಬಿತ್ತು. ಒರೆಸಿಕೊಳ್ಳಲಿಕ್ಕೂ ಅವನು ಕೈ ಬಿಡಲಿಲ್ಲ.